ಶ್ರುತಿಯ ಬೆನ್ನಿಗೆ ನನ್ನ ಮಾತು: ಬೆರಿಂಜರ್ ಪಿ16-ಎಂ ಜೊತೆ ಎರಡು ವರ್ಷ

ಡಬ್ಬ ಬಿಚ್ಚಿ ಎದುರಿಗೆ ಇಟ್ಟ ದಿನ ನಮ್ಮ ಮೃದಂಗದ ವಿದ್ವಾಂಸರು ಕನ್ನಡಕ ಹಣೆಗೆ ಏರಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಕೇಳಿದರು. "ಏನಮ್ಮಾ ಇದು, ಲೆಕ್ಕ ಮಾಡೋ ಮಿಷನ್ನಾ?"

ಅವರದೇನೂ ತಪ್ಪಿಲ್ಲ. ಬೆರಿಂಜರ್ ಪವರ್‌ಪ್ಲೇ ಪಿ16-ಎಂ ಅನ್ನೋ ಈ ಹೆಡ್‌ಫೋನ್ ಮಿಕ್ಸರ್ ನೋಡೋಕೆ ಹಾಗೇ ಇದೆ. 1ರಿಂದ 16ರವರೆಗೆ ನಂಬರ್ ಹಾಕಿದ ಗುಂಡಿಗಳು, ಜೊತೆಗೆ ಒಂದಷ್ಟು ನಾಬ್‌ಗಳು, ಹೆಡ್‌ಫೋನ್ ಚುಚ್ಚೋಕೆ ಒಂದು ದಪ್ಪ ಜಾಕ್. ಹಾಡುವವರು, ನುಡಿಸುವವರು ಒಬ್ಬೊಬ್ಬರ ಪಕ್ಕದಲ್ಲೂ ಇಂಥದ್ದೊಂದು ಇಟ್ಟುಬಿಡುವುದು. ಕಂಪ್ಯೂಟರ್ ನೆಟ್‌ವರ್ಕಿಗೆ ಬಳಸುವಂಥ ಕ್ಯಾಟ್5 ಕೇಬಲ್ಲೊಂದರಲ್ಲೇ 16 ಚಾನೆಲ್, ಅಂದರೆ 16 ಬೇರೆ ಬೇರೆ ಸೌಂಡು ಬರುತ್ತದೆ. ಯಾರಿಗೆ ಏನು ಎಷ್ಟು ಬೇಕೋ ಅವರೇ ಹಾಕಿಕೊಳ್ಳಬಹುದು. ಹಾಡುವವರಿಗೆ ವಯಲಿನ್ ಜಾಸ್ತಿ ಬೇಕಾ, 2 ಒತ್ತಿ ನಾಬ್ ತಿರುಗಿಸಿದರೆ ಆಯ್ತು. ಎಡಕ್ಕೆ ಬಲಕ್ಕೆ ಸರಿಸಬಹುದು, ಬೇಸ್ ಟ್ರೆಬಲ್ ಬದಲಿಸಬಹುದು, ಮಿಡ್ ಎಲ್ಲಿ ಬೇಕೋ ಅಲ್ಲಿ ಏರಿಸಿ ಇಳಿಸಬಹುದು. ತಮ್ಮ ಸೆಟ್ಟಿಂಗನ್ನು ಉಳಿಸಿಟ್ಟುಕೊಳ್ಳೋಕೆ 16 ಜಾಗ ಇದೆ.

ನನ್ನದು ಮೈಸೂರಿನ ಸರಸ್ವತಿಪುರಂನಲ್ಲಿ, ಮನೆಯ ಮಹಡಿ ಮೇಲಿನ ಚಿಕ್ಕ ಸ್ಟುಡಿಯೋ. ಒಂದು ಹಾಲ್, ಒಂದು ವೋಕಲ್ ಬೂತ್, ನಾನು ಕೂರುವ ಕಂಟ್ರೋಲ್ ರೂಮ್. ಮಧ್ಯೆ ಎರಡು ಪದರದ ಗಾಜು. ಬರುವ ಕೆಲಸ ಹೆಚ್ಚಾಗಿ ಕರ್ನಾಟಕ ಸಂಗೀತ, ಭಾವಗೀತೆ, ದೇವರನಾಮ. ಮಕ್ಕಳ ರಂಗಪ್ರವೇಶಕ್ಕೆ ಅಂತ ಡ್ಯಾನ್ಸ್ ಟೀಚರ್‌ಗಳು ನಟುವಾಂಗ ಸಮೇತ ರೆಕಾರ್ಡ್ ಮಾಡಿಸಿಕೊಳ್ಳುವ ಟ್ರ್ಯಾಕ್‌ಗಳು. ಅಪರೂಪಕ್ಕೆ ಒಂದು ಸಿನಿಮಾ ಹಾಡಿನ ಸ್ಕ್ರ್ಯಾಚ್, ಅಂದರೆ ಕಚ್ಚಾ ರೆಕಾರ್ಡಿಂಗ್.

ಇದಕ್ಕೆ ಮೊದಲು ನನ್ನ ಹತ್ತಿರ ಇದ್ದದ್ದು ನಾಲ್ಕು ಹೆಡ್‌ಫೋನ್ ಹಾಕಬಹುದಾದ ಒಂದು ಸಣ್ಣ ಆಂಪ್. ಕಂಪನಿ ಹೆಸರು ಬೇಡ ಬಿಡಿ. ಸೌಂಡ್ ಕಡಿಮೆ ಇದ್ದಾಗ ಗುಂಯ್ ಅನ್ನುತ್ತಿತ್ತು, ಜಾಸ್ತಿ ಮಾಡಿದರೆ ಕಿರುಚುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ, ನಾಲ್ಕೂ ಜನರಿಗೆ ಒಂದೇ ಮಿಕ್ಸ್. ಒಂದೇ ಪಾತ್ರೆಯ ಸಾರು. ಒಬ್ಬರಿಗೆ ಉಪ್ಪು ಜಾಸ್ತಿ, ಇನ್ನೊಬ್ಬರಿಗೆ ಸಾಲದು. ಘಟದವರು "ಮೃದಂಗ ಸ್ವಲ್ಪ ಕೊಡಿ" ಅಂದರೆ ಕೊಡುತ್ತಿದ್ದೆ. ತಕ್ಷಣ ಹಾಡುವವರು "ಅಯ್ಯೋ, ನನ್ನ ಧ್ವನಿಯೇ ಕೇಳ್ತಿಲ್ಲ" ಅನ್ನುತ್ತಿದ್ದರು. ಬೆಳಗ್ಗೆ ಹತ್ತಕ್ಕೆ ಬಂದವರು ಹನ್ನೊಂದೂವರೆಯಾದರೂ ಮೊದಲ ಟೇಕಿಗೆ ಕೂತಿರುತ್ತಿರಲಿಲ್ಲ.

ಇನ್ನೊಂದು ಕಾಟ ತಡವಾಗಿ ಕೇಳಿಸುವುದು. ಆಗ ಎಲ್ಲ ಸೌಂಡೂ ಲ್ಯಾಪ್‌ಟಾಪ್ ಒಳಗೆ ಹೋಗಿ, ಸಾಫ್ಟ್‌ವೇರ್ ದಾಟಿ, ವಾಪಸ್ ಹೆಡ್‌ಫೋನಿಗೆ ಬರಬೇಕಿತ್ತು. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳುವ ಸೌಂಡಿನ ತುಣುಕು) 256 ಸ್ಯಾಂಪಲ್ ಇಟ್ಟರೆ ಒಳಗೆ ಹೋಗೋಕೆ 5.3 ಮಿಲಿಸೆಕೆಂಡು, ಹೊರಗೆ ಬರೋಕೆ ಮತ್ತೆ ಅಷ್ಟೇ. ಸೇರಿಸಿದರೆ ಹತ್ತು ಮಿಲಿಸೆಕೆಂಡು ದಾಟಿತು. ಕೇಳೋಕೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಅಷ್ಟು ಹೊತ್ತಿನಲ್ಲಿ ಶಬ್ದ ಗಾಳಿಯಲ್ಲಿ ಸುಮಾರು ಹನ್ನೆರಡು ಅಡಿ ಹೋಗುತ್ತದೆ. ಅಂದರೆ ಮಡಿಲಲ್ಲಿರುವ ಘಟದ ಸದ್ದನ್ನು ಹನ್ನೆರಡು ಅಡಿ ಆಚೆ ಕೂತು ಕೇಳಿದ ಹಾಗೆ. ಘಟದವರು ಒಮ್ಮೆ ಹೆಡ್‌ಫೋನ್ ತೆಗೆದಿಟ್ಟು, "ನನ್ನ ಕೈ ಹಿಂದೆ ಇನ್ನೊಬ್ರು ಯಾರೋ ನುಡಿಸ್ತಿದಾರೆ ಕಣಮ್ಮಾ" ಅಂದರು. ಅದಕ್ಕಿಂತ ಸರಿಯಾಗಿ ಹೇಳೋಕೆ ನನಗೂ ಬರುವುದಿಲ್ಲ.

ಈಗಿನ ಜೋಡಣೆ ಹೀಗಿದೆ. ಮೈಕ್‌ಗಳೆಲ್ಲ ಬೆರಿಂಜರ್ ಎಕ್ಸ್‌ಆರ್18 ಮಿಕ್ಸರಿಗೆ ಹೋಗುತ್ತವೆ. ಅದರಲ್ಲಿ 16 ಮೈಕ್ ಚಾನೆಲ್ ಇದೆ. ಅದೇ ಯುಎಸ್‌ಬಿ ಮೂಲಕ ಲ್ಯಾಪ್‌ಟಾಪಿಗೆ 18 ಚಾನೆಲ್ ಕೊಡುತ್ತದೆ, 18 ವಾಪಸ್ ತಗೊಳ್ಳುತ್ತದೆ. ಅದರಲ್ಲಿ ಅಲ್ಟ್ರಾನೆಟ್ ಅನ್ನೋ ಒಂದು ಸಾಕೆಟ್ ಇದೆ. ಪಿ16-ಎಂ ಡಬ್ಬಗಳು ಅಲ್ಲಿಂದ ಹೊರಡುತ್ತವೆ. ಮೈಕಿನ ಸೌಂಡ್ ಲ್ಯಾಪ್‌ಟಾಪಿಗೆ ಹೋಗುವ ಮೊದಲೇ ಮಿಕ್ಸರಿನಿಂದ ನೇರವಾಗಿ ಕಿವಿಗೆ ಬರುತ್ತದೆ. ಆ ಕೈ ಹಿಂದಿನ ಮನುಷ್ಯ ಮೊದಲ ದಿನವೇ ಮಾಯವಾದ. ಇದೊಂದಕ್ಕೇ ಕೊಟ್ಟ ದುಡ್ಡು ವಸೂಲಾಯಿತು ಅಂತ ನಾನು ಹೇಳುತ್ತೇನೆ.

ಕರೆಂಟ್ ವಿಷಯ ಮಾತ್ರ ಮೊದಲೇ ತಿಳಿದುಕೊಂಡು ಕೊಳ್ಳಿ. ಎಕ್ಸ್‌ಆರ್18ರ ಆ ಸಾಕೆಟ್ಟು ಸೌಂಡ್ ಕೊಡುತ್ತದೆ, ಕರೆಂಟ್ ಕೊಡುವುದಿಲ್ಲ. ಒಂದೊಂದು ಡಬ್ಬಕ್ಕೂ ಅಡಾಪ್ಟರ್ ಬೇಕು. ಇಲ್ಲದಿದ್ದರೆ ಪಿ16-ಡಿ ಅನ್ನೋ ಹಂಚುವ ಡಬ್ಬ ಬೇಕು. ಅದು ಎಂಟು ಜನರಿಗೆ ಅದೇ ಕೇಬಲ್‌ನಲ್ಲಿ ಸೌಂಡು, ಕರೆಂಟು ಎರಡನ್ನೂ ಕಳಿಸುತ್ತದೆ. ನಾನು ಜುಗ್ಗತನ ಮಾಡಿ ಮೊದಲು ಮೂರು ಡಬ್ಬವನ್ನು ಒಂದರಿಂದ ಒಂದಕ್ಕೆ ಸರಪಳಿ ಹಾಗೆ ಜೋಡಿಸಿದ್ದೆ. ಮೊದಲನೆಯವರ ಕೇಬಲ್ ಸಡಿಲವಾದರೆ ಹಿಂದಿನವರಿಗೆಲ್ಲ ನಿಶ್ಶಬ್ದ. ಪದ್ಮಾಸನ ಹಾಕಿ ಕೂತವರು ಕಾಲು ಬದಲಿಸಿದಾಗಲೆಲ್ಲ ಇದೇ ಕಥೆ. ಆರು ತಿಂಗಳಿಗೆ ಪಿ16-ಡಿ ತಂದೆ.

ತಂದ ಮೇಲೂ ಒಂದು ವಾರ ತಲೆ ಕೆಡಿಸಿಕೊಂಡೆ. ದೂರದ ಬೂತ್‌ನಲ್ಲಿದ್ದ ಡಬ್ಬ ಆಗಾಗ ತಾನಾಗಿ ಆಫ್ ಆಗಿ ಆನ್ ಆಗುತ್ತಿತ್ತು. ಡಬ್ಬದ ದೋಷ ಅಂದುಕೊಂಡಿದ್ದೆ. ಕೊನೆಗೆ ಸಿಕ್ಕಿದ್ದು ಕೇಬಲ್. ಪೂರ್ತಿ ತಾಮ್ರ ಅಂತ ಹೇಳಿ ಅಂಗಡಿಯವರು ಕೊಟ್ಟಿದ್ದ ಕೇಬಲ್ಲಿನ ತಂತಿ ಬ್ಲೇಡಿನಲ್ಲಿ ಕೆರೆದು ನೋಡಿದರೆ ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಡೇಟಾ ಹೇಗೋ ಹೋಗುತ್ತದೆ. ಕರೆಂಟು ಅಷ್ಟು ದೂರ ಹೋಗುವಷ್ಟರಲ್ಲಿ ಸೊರಗುತ್ತದೆ. ನಿಜವಾದ ತಾಮ್ರದ, ಶೀಲ್ಡ್ ಇರುವ ಕೇಬಲ್ ಹಾಕಿದ ಮೇಲೆ ಇವತ್ತಿನವರೆಗೆ ಆ ತೊಂದರೆ ಬಂದಿಲ್ಲ. ನೀವೂ ಕೊಳ್ಳುವಾಗ ಕೆರೆದು ನೋಡಿ. ಅಂಗಡಿಯವರು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಇಷ್ಟು ಡಬ್ಬದ ಕಥೆ. ಈಗ ನಾನು ಇದನ್ನು ಬರೆಯೋಕೆ ಕೂತ ಅಸಲು ಕಾರಣ.

ಬೂತ್‌ನಲ್ಲಿ ನಿಂತು ಹಾಡಿದವರಿಗೆ ಟೇಕ್ ಮುಗಿದ ಮೇಲಿನ ಮೂರು ಸೆಕೆಂಡು ಬಹಳ ಉದ್ದ. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಗಾಜಿನ ಆಚೆ ನಾನು ತಲೆ ತಗ್ಗಿಸಿ ಮೌಸ್ ಆಡಿಸುತ್ತಿರುತ್ತೇನೆ. ಫೈಲ್ ಸೇವ್ ಮಾಡುತ್ತಿರಬಹುದು, ಟೇಕಿಗೆ ಹೆಸರು ಹಾಕುತ್ತಿರಬಹುದು. ಒಳಗಿದ್ದವರಿಗೆ ಕಾಣುವುದು ನನ್ನ ಗಂಟುಮೋರೆ ಮಾತ್ರ. ಒಮ್ಮೆ ಮದ್ದೂರು ವಡೆ ಮುರಿಯೋಕೆ ಹೋಗಿ ಕೀಬೋರ್ಡ್ ನುಡಿಸುವವರ ಅಂಗಿ ತುಂಬಾ ಪುಡಿಯಾಯಿತು. ಕಂಟ್ರೋಲ್ ರೂಮಿನಲ್ಲಿ ಇದ್ದವರೆಲ್ಲ ನಕ್ಕೆವು. ಬೂತ್ ಬಾಗಿಲು ತೆಗೆದು ಹುಡುಗಿ ಹೊರಗೆ ಬಂದಳು. "ಅಷ್ಟು ಕೆಟ್ಟದಾಗಿತ್ತಾ ಮೇಡಂ?" ವಡೆ ತೋರಿಸಿದೆವು, ಅಂಗಿ ತೋರಿಸಿದೆವು. ಅವಳೂ ನಕ್ಕಳು. ಆದರೆ ಆಮೇಲಿನ ಎರಡು ಟೇಕ್‌ನಲ್ಲಿ ಅವಳಿಗೆ ಉಸಿರು ನಿಲ್ಲಲೇ ಇಲ್ಲ.

ಅದಕ್ಕೇ ಟಾಕ್‌ಬ್ಯಾಕ್ ಬೇಕು. ಗಾಜಿನ ಈ ಕಡೆಯಿಂದ ಆ ಕಡೆಯವರ ಕಿವಿಗೆ ಮಾತು ಮುಟ್ಟಿಸುವ ಮೈಕ್. ನನ್ನ ಅಪ್ಪ ಯಾದವಗಿರಿಯ ಆಕಾಶವಾಣಿಯಲ್ಲಿ ಕೊಳಲು ನುಡಿಸೋಕೆ ಹೋಗುತ್ತಿದ್ದಾಗ ನಾನೂ ಜೊತೆಗೆ ಹೋಗಿ ಗಾಜಿನ ಹಿಂದೆ ಕೂರುತ್ತಿದ್ದೆ. ಅಲ್ಲಿ ಕೆಂಪು ದೀಪ, ಕೈಸನ್ನೆ. ಕೈ ಮೇಲೆತ್ತಿದರೆ ತಯಾರಾಗಿ, ಇಳಿಸಿದರೆ ಶುರು. ಟೈಮ್ ಮುಗಿಯುತ್ತಾ ಬಂದರೆ ಬೆರಳು ಗುಂಡಗೆ ತಿರುಗಿಸುತ್ತಿದ್ದರು. ಮಾತಿಗಿಂತ ಚೆನ್ನಾಗಿ ಕೆಲಸ ನಡೆಯುತ್ತಿತ್ತು. ಆದರೆ "ಎರಡನೇ ಚರಣದಲ್ಲಿ ಆ ಗಮಕ ಸ್ವಲ್ಪ ಜಾರಿತು" ಅಂತ ಕೈಸನ್ನೆಯಲ್ಲಿ ಹೇಳೋಕೆ ಆಗೋದಿಲ್ಲವಲ್ಲ.

ಪಿ16-ಎಂನಲ್ಲಿ ಟಾಕ್‌ಬ್ಯಾಕ್ ಅಂತ ಬೇರೆ ಏನೂ ಇಲ್ಲ. ಎಕ್ಸ್‌ಆರ್18ರ ಮೈಮೇಲೂ ಅದಕ್ಕೆ ಅಂತ ಮೈಕ್ ಇಲ್ಲ. ನೀವೇ ಕಟ್ಟಿಕೊಳ್ಳಬೇಕು. ನಾನು ಮಾಡಿದ್ದು ಸುಲಭದ ದಾರಿ. ಆನ್ ಆಫ್ ಸ್ವಿಚ್ ಇರುವ ಶೂರ್ ಎಸ್‌ಎಂ58 ಒಂದನ್ನು 16ನೇ ಚಾನೆಲ್ಲಿಗೆ ಹಾಕಿ ಟೇಬಲ್ ಮೇಲೆ ನಿಲ್ಲಿಸಿದೆ. ಮಾತಾಡುವಾಗ ಆನ್, ಮುಗಿದ ಮೇಲೆ ಆಫ್.

ಆಫ್ ಮಾಡೋದು ಮರೆಯುವವರೆಗೆ ಎಲ್ಲ ಚೆನ್ನಾಗಿತ್ತು.

ಹಿರಿಯ ಸುಗಮ ಸಂಗೀತ ಗಾಯಕಿಯೊಬ್ಬರು ಬಂದಿದ್ದರು. ನಾಲ್ಕನೇ ಟೇಕ್ ಆಯಿತು. ನಾನು ಪಕ್ಕದಲ್ಲಿದ್ದ ಸಂಗೀತ ಸಂಯೋಜಕರ ಕಡೆ ತಿರುಗಿ, "ಗಂಟಲು ಇವತ್ತು ಕೂತುಬಿಟ್ಟಿದೆ ಸಾರ್, ಸುಮ್ನೆ ಟೈಮ್ ವೇಸ್ಟು" ಅಂದೆ. ಸ್ಪೀಕರಿನಲ್ಲಿ ಮೆಲ್ಲಗೆ ಒಂದು ಧ್ವನಿ ಬಂತು. "ಹೌದಮ್ಮಾ, ಮೂರು ದಿನದಿಂದ ನೆಗಡಿ. ನಾಳೆ ಬರಲಾ?" ಸಂಯೋಜಕರು ಚಾವಣಿ ನೋಡಿದರು. ನಾನು ಮೈಕ್ ನೋಡಿದೆ. ಸ್ವಿಚ್ ಮೇಲಕ್ಕೆ ಇತ್ತು. ಎದ್ದು ಒಳಗೆ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, ಬಿಸಿನೀರು ಕೇಳಿದರು. ಮರುದಿನ ಬಂದು ಎರಡೇ ಟೇಕಿನಲ್ಲಿ ಮುಗಿಸಿದರು. ನನಗೆ ಮಾತ್ರ ಈಗಲೂ ಆ ಸ್ವಿಚ್ ಕಂಡರೆ ಮೈ ಬಿಸಿಯಾಗುತ್ತದೆ.

ಟಾಕ್‌ಬ್ಯಾಕಿನ ಸ್ವಿಚ್ಚು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಕೆಲಸ ಮಾಡಬೇಕು. ಬೆರಳು ತೆಗೆದ ತಕ್ಷಣ ಸಾಯಬೇಕು. ನಮ್ಮ ಬೀದಿಯ ರಿಪೇರಿಯವರು ಸಣ್ಣ ಡಬ್ಬಿಯಲ್ಲಿ ಅಂಥದ್ದೊಂದು ಮಾಡಿಕೊಟ್ಟರು. ನೂರು ರೂಪಾಯಿಯೊಳಗೆ ಸಾಮಾನು. ಮೈಕ್ ಕೇಬಲ್ಲಿನ 2 ಮತ್ತು 3ನೇ ಪಿನ್ನುಗಳನ್ನು ಸ್ವಿಚ್ಚು ಒಂದಕ್ಕೊಂದು ಮುಟ್ಟಿಸಿ ಇಟ್ಟಿರುತ್ತದೆ. ಆಗ ಮೈಕ್ ಮೂಕ. ಒತ್ತಿದರೆ ಬಿಡಿಸಿಕೊಳ್ಳುತ್ತದೆ, ಮಾತು ಹೋಗುತ್ತದೆ. ಕಾಲಿಂಗ್ ಬೆಲ್ಲಿನ ಸ್ವಿಚ್ ಇದಕ್ಕೆ ಆಗುವುದಿಲ್ಲ, ಅದು ಉಲ್ಟಾ. ಇನ್ನೊಂದು ಮಾತು, ಇದು ಕರೆಂಟ್ ಬೇಡದ ಡೈನಮಿಕ್ ಮೈಕಿಗೆ ಮಾತ್ರ. ಆ ಚಾನೆಲ್ಲಿನಲ್ಲಿ ಫ್ಯಾಂಟಮ್ ಪವರ್, ಅಂದರೆ ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟ್, ಆಫ್ ಇರಲೇಬೇಕು. ಎಕ್ಸ್‌ಆರ್18ರಲ್ಲಿ ಫ್ಯಾಂಟಮ್ ಒಂದೊಂದು ಚಾನೆಲ್ಲಿಗೂ ಬೇರೆ ಬೇರೆ ಇರುವುದರಿಂದ ತೊಂದರೆ ಇಲ್ಲ.

ಒತ್ತಿದಾಗ ನನ್ನ ಸ್ಪೀಕರ್ ತಗ್ಗಬೇಕು ಅನ್ನೋದನ್ನೂ ಕಲಿತೆ. ಇಲ್ಲದಿದ್ದರೆ ಹಾಲಿನ ಮೈಕಿನ ಸೌಂಡು ನನ್ನ ಸ್ಪೀಕರಿಗೆ ಬಂದು, ಅಲ್ಲಿಂದ ಟಾಕ್‌ಬ್ಯಾಕ್ ಮೈಕಿಗೆ ಹೋಗಿ, ಮತ್ತೆ ಅವರ ಕಿವಿಗೆ ಬೀಳುತ್ತದೆ. ಸುತ್ತಿ ಸುತ್ತಿ ಕುಂಯ್ ಅನ್ನುತ್ತದೆ. ಸ್ಪೀಕರ್ ಕಂಟ್ರೋಲರ್‌ಗಳಲ್ಲಿ ಡಿಮ್ ಅನ್ನೋ ಬಟನ್ ಇರೋದು ಇದಕ್ಕೂ ಹೌದು. ನಾನು ಎಡಗೈಯಲ್ಲಿ ಸ್ಪೀಕರ್ ತಗ್ಗಿಸಿ ಬಲಗೈಯಲ್ಲಿ ಸ್ವಿಚ್ ಒತ್ತುತ್ತೇನೆ. ಅಭ್ಯಾಸವಾಗಿದೆ.

ಆಮೇಲೆ ಪಿ16-ಎಂ ಒಂದು ಹೊಸ ಆಟ ತೋರಿಸಿತು. 16ನೇ ಚಾನೆಲ್ ನನ್ನ ಮಾತು. ಆದರೆ ಆ ಚಾನೆಲ್ಲಿನ ವಾಲ್ಯೂಮೂ ಅವರ ಕೈಯಲ್ಲೇ ಇದೆಯಲ್ಲ! ಕೊಳಲಿನ ಹುಡುಗ ತನ್ನ ಕೊಳಲೊಂದೇ ಕೇಳುವ ಹಾಗೆ ಸೋಲೋ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ನಾನು ಇಲ್ಲಿ "ನಿಲ್ಲಿಸಿ, ನಿಲ್ಲಿಸಿ, ಮೃದಂಗದ ಮೈಕ್ ಬಿದ್ದಿದೆ" ಅಂತ ಕೂಗುತ್ತಿದ್ದೇನೆ. ಅವನು ಮೋಹನ ರಾಗದಲ್ಲಿ ಮುಳುಗಿದ್ದಾನೆ. ಕೊನೆಗೆ ಗಾಜಿನ ಮುಂದೆ ನಿಂತು ಎರಡೂ ಕೈ ಬೀಸಬೇಕಾಯಿತು. ಬಸ್ ನಿಲ್ಲಿಸುವ ಹಾಗೆ. ಈ ಒಂದು ಚಾನೆಲ್ಲನ್ನು ಯಾರೂ ಮುಟ್ಟಬಾರದು ಅಂತ ಬೀಗ ಹಾಕೋಕೆ ಇದರಲ್ಲಿ ದಾರಿ ಇಲ್ಲ. 16ರ ಮೇಲೆ ಕೆಂಪು ಟೇಪ್ ಅಂಟಿಸಿದೆ. ಕೆಂಪು ಕಂಡರೆ ಮುಟ್ಟಬೇಕು ಅನ್ನಿಸುತ್ತದೋ ಏನೋ, ಇನ್ನೂ ಜಾಸ್ತಿ ಮುಟ್ಟಿದರು.

ದಾರಿ ಹೊಳೆದದ್ದು ಒಂದು ರಾತ್ರಿ ಕೇಬಲ್ ಸುತ್ತುವಾಗ. ನಮ್ಮ ಸಂಗೀತದವರು ಏನನ್ನು ಬೇಕಾದರೂ ತಗ್ಗಿಸಿಕೊಳ್ಳುತ್ತಾರೆ. ಮೃದಂಗ ತಗ್ಗಿಸುತ್ತಾರೆ, ವಯಲಿನ್ ತಗ್ಗಿಸುತ್ತಾರೆ, ಜಗಳವಾಗಿದ್ದರೆ ಪಕ್ಕವಾದ್ಯದವರನ್ನೇ ಪೂರ್ತಿ ತೆಗೆದುಬಿಡುತ್ತಾರೆ. ಶ್ರುತಿಯನ್ನು ಮಾತ್ರ ಯಾರೂ ಪೂರ್ತಿ ತೆಗೆಯುವುದಿಲ್ಲ. ಮಿಕ್ಸರಿನಲ್ಲಿ ಒಂದು ಬಸ್, ಅಂದರೆ ಹಲವು ಸೌಂಡು ಸೇರಿಸಿ ಒಟ್ಟಿಗೆ ಕಳಿಸುವ ದಾರಿ, ತಗೊಂಡೆ. ರಾಡೆಲ್ ತಂಬೂರಿ ಪೆಟ್ಟಿಗೆಯ ಶ್ರುತಿ, ನನ್ನ ಟಾಕ್‌ಬ್ಯಾಕ್ ಎರಡನ್ನೂ ಅದಕ್ಕೆ ಕಳಿಸಿದೆ. ಆ ಬಸ್ಸನ್ನು ಪಿ16ರ 8ನೇ ಚಾನೆಲ್ಲಿಗೆ ಕೊಟ್ಟೆ. ಯಾವ ಸೌಂಡು ಯಾವ ನಂಬರಿಗೆ ಹೋಗಬೇಕು ಅಂತ ಎಕ್ಸ್‌ಆರ್18ರ ಆಪ್‌ನಲ್ಲೇ ಬದಲಿಸಬಹುದು. ಈಗ ಶ್ರುತಿ ಎಲ್ಲಿದೆಯೋ ನಾನೂ ಅಲ್ಲಿದ್ದೇನೆ. ಶ್ರುತಿ ಕೇಳಿದರೆ ನನ್ನ ಮಾತೂ ಕೇಳುತ್ತದೆ. ಸಿನಿಮಾ ಹಾಡಿಗೆ ಶ್ರುತಿ ಪೆಟ್ಟಿಗೆ ಇರೋದಿಲ್ಲ. ಆಗ ಲಯಕ್ಕೆ ಹಾಕುವ ಕ್ಲಿಕ್ಕಿನ (ಟಿಕ್ ಟಿಕ್ ಸದ್ದಿನ) ಜೊತೆ ಸೇರಿಕೊಳ್ಳುತ್ತೇನೆ. ಸೋಲೋ ಒತ್ತಿಕೊಂಡವರಿಗೆ ಇದೂ ಮದ್ದಲ್ಲ. ಅವರಿಗಾಗಿ ಬೂತ್ ಗೋಡೆಗೆ ಒಂದು ಕೆಂಪು ಬಲ್ಬ್ ಹಾಕಿಸಿದ್ದೇನೆ. ಆಕಾಶವಾಣಿಯವರು ಸುಮ್ನೆ ಹಾಕಿರಲಿಲ್ಲ.

ಆ ಕಡೆಯಿಂದ ಈ ಕಡೆಗೆ ಮಾತು ಬರೋದೂ ಅಷ್ಟೇ ಮುಖ್ಯ. ಮೃದಂಗದ ಮೈಕ್ ಮೃದಂಗದ ಕಡೆ ತಿರುಗಿರುತ್ತದೆ, ವಿದ್ವಾಂಸರ ಬಾಯಿ ಕಡೆಗಲ್ಲ. ಅವರು ಏನೋ ಹೇಳುತ್ತಾರೆ, ನನಗೆ ಗುಜುಗುಜು ಕೇಳಿಸುತ್ತದೆ. ಹಾಲಿನ ಮಧ್ಯೆ ಮೇಲಿನಿಂದ ಒಂದು ಹಳೆಯ ಮೈಕ್ ಇಳಿಬಿಟ್ಟಿದ್ದೇನೆ, ಬರೀ ಮಾತು ಕೇಳೋಕೆ. ದೊಡ್ಡ ಸ್ಟುಡಿಯೋಗಳಲ್ಲಿ ಇದಕ್ಕೆ ಲಿಸನ್ ಮೈಕ್ ಅನ್ನುತ್ತಾರೆ. ಹತ್ತಿರದವರ ಮಾತೂ ದೂರದವರ ಮಾತೂ ಒಂದೇ ಸಮ ಕೇಳಲಿ ಅಂತ ಅದಕ್ಕೆ ಗಟ್ಟಿ ಕಂಪ್ರೆಸರ್ ಹಾಕುತ್ತಾರೆ. 1979ರಲ್ಲಿ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋದಲ್ಲಿ ಬ್ರಿಟಿಷ್ ಗಾಯಕ ಪೀಟರ್ ಗೇಬ್ರಿಯಲ್ ಅವರ ಮೂರನೇ ಆಲ್ಬಮ್ ಕೆಲಸ ನಡೆಯುವಾಗ ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್ ಆ ಮೈಕ್ ಆನ್ ಮಾಡಿದರು. ಒಳಗೆ ಫಿಲ್ ಕಾಲಿನ್ಸ್ ಡ್ರಮ್ಸ್ ಬಾರಿಸುತ್ತಿದ್ದರು. ಮಾತು ಕೇಳೋಕೆ ಇಟ್ಟ ಮೈಕಿನಲ್ಲಿ ಡ್ರಮ್ಸು ಗೋಡೆ ಬಿದ್ದ ಹಾಗೆ ಕೇಳಿಸಿತು. ಎಂಬತ್ತರ ದಶಕದ ಅರ್ಧ ಪಾಪ್ ಸಂಗೀತ ಆ ಸೌಂಡಿನ ಹಿಂದೆ ಬಿತ್ತು. ನನ್ನ ಲಿಸನ್ ಮೈಕಿನಲ್ಲಿ ಇದುವರೆಗೆ ಸಿಕ್ಕಿರೋದು "ಕಾಫಿ ಎಷ್ಟು ಹೊತ್ತಿಗಮ್ಮಾ?" ಮಾತ್ರ.

ಈಗ ಈ ಡಬ್ಬದಿಂದ ನಾನು ಕಳಕೊಂಡದ್ದು. ಇದನ್ನು ಯಾವ ಮಾರುವವರೂ ನನಗೆ ಹೇಳಿರಲಿಲ್ಲ.

ಹಿಂದೆ "ಸ್ವಲ್ಪ ವಯಲಿನ್ ಕೊಡಿ", "ನನ್ನ ಧ್ವನಿ ಕಮ್ಮಿ ಮಾಡಿ" ಅಂತ ಕೇಳುತ್ತಿದ್ದರು. ಕಾಟ ಅನ್ನಿಸುತ್ತಿತ್ತು, ನಿಜ. ಆದರೆ ಅವರ ಕಿವಿಯಲ್ಲಿ ಏನಿದೆ ಅಂತ ನನಗೆ ಗೊತ್ತಿರುತ್ತಿತ್ತು. ಈಗ ಗೊತ್ತಿಲ್ಲ. ಭಾವಗೀತೆ ಹಾಡೋಕೆ ಬಂದ ಒಬ್ಬರು ಬೆಳಗ್ಗೆಯೆಲ್ಲ ಶ್ರುತಿಗಿಂತ ಒಂದು ಕೂದಲು ಮೇಲೆ ಹಾಡುತ್ತಿದ್ದರು. ಒಳ್ಳೆಯ ಗಾಯಕಿ, ಹೀಗೆ ಆಗುವವರಲ್ಲ. ಟಾಕ್‌ಬ್ಯಾಕಿನಲ್ಲಿ ಎರಡು ಸಲ ಹೇಳಿದೆ. ಮೂರನೇ ಸಲ ಹೇಳಿದರೆ ಮುರಿದುಹೋಗುತ್ತಾರೆ ಅನ್ನಿಸಿ ಎದ್ದು ಒಳಗೆ ಹೋದೆ. ಅವರ ಹೆಡ್‌ಫೋನ್ ನಾನು ಹಾಕಿಕೊಂಡೆ. ಕೀಬೋರ್ಡ್ ಕಿವಿ ಒಡೆಯುವ ಹಾಗೆ. ರಿವರ್ಬ್ (ಗುಂಯ್‌ಗುಡುವ ಮಾರ್ದನಿ) ದೇವಸ್ಥಾನದ ಗರ್ಭಗುಡಿಯ ಹಾಗೆ. ಅವರ ಧ್ವನಿ ಎಲ್ಲೋ ಬಾವಿಯೊಳಗೆ. ತನ್ನ ಧ್ವನಿ ತನಗೇ ಕೇಳದಿದ್ದರೆ ಯಾರಾದರೂ ಗಂಟಲು ಒತ್ತಿ ಹಾಡುತ್ತಾರೆ. ಒತ್ತಿದರೆ ಸ್ವರ ಏರುತ್ತದೆ. ಕೀಬೋರ್ಡ್ ತಗ್ಗಿಸಿದೆ, ಧ್ವನಿ ಏರಿಸಿದೆ, ಎಡಕಿವಿಯ ಮೇಲಿನ ಹೆಡ್‌ಫೋನ್ ಅರ್ಧ ಸರಿಸಿದೆ. ಮುಂದಿನ ಟೇಕ್ ಸರಿಯಾಗಿ ಕೂತಿತು. ಅವರು ಇಡೀ ಬೆಳಗ್ಗೆ ಪಟ್ಟ ಕಷ್ಟ ಗಂಟಲಿನದಲ್ಲ, ಒಂದು ನಾಬಿನದು.

ಅವತ್ತಿನಿಂದ ಮೊದಲ ಟೇಕಿಗೆ ಮುಂಚೆ ನನ್ನ ಹೆಡ್‌ಫೋನ್ ಹಿಡಿದು ಒಂದು ಸುತ್ತು ಹೋಗುತ್ತೇನೆ. ಒಬ್ಬೊಬ್ಬರ ಡಬ್ಬಕ್ಕೂ ಚುಚ್ಚಿ ಅರ್ಧ ನಿಮಿಷ ಕೇಳುತ್ತೇನೆ. ಮದುವೆ ಮನೆಯಲ್ಲಿ ಪಂಕ್ತಿ ನಡುವೆ ಓಡಾಡಿ ಎಲೆ ನೋಡುವ ಹಾಗೆ. ಸಾರು ಅವರೇ ಬಡಿಸಿಕೊಳ್ಳಲಿ, ನೋಡೋದು ನನ್ನ ಕೆಲಸ.

ಹೆಡ್‌ಫೋನ್ ಬಗ್ಗೆ ಎರಡು ಮಾತು. ಕಿವಿ ಪೂರ್ತಿ ಮುಚ್ಚುವ ಮಾದರಿಯೇ ಬೇಕು. ಇಲ್ಲದಿದ್ದರೆ ಕ್ಲಿಕ್ಕಿನ ಟಿಕ್ ಟಿಕ್ ಮೈಕಿಗೆ ಸೋರುತ್ತದೆ. ಆಲಾಪದ ಕೊನೆಯ ನಿಶ್ಶಬ್ದದಲ್ಲಿ ಗಡಿಯಾರ ಕೇಳಿಸಿದರೆ ಹೇಗಿರುತ್ತದೆ ಯೋಚಿಸಿ. ನಾನು ಬಳಸೋದು ಬೆಯರ್‌ಡೈನಮಿಕ್ ಡಿಟಿ 770 ಪ್ರೊ, 80 ಓಮ್‌ನದು. ಪಿ16-ಎಂ ಅದನ್ನು ಆರಾಮಾಗಿ ಓಡಿಸುತ್ತದೆ. ಸೋನಿ ಎಂಡಿಆರ್-7506 ಎರಡು ಇವೆ. ಜಡೆ, ಮಲ್ಲಿಗೆ ದಂಡೆ ಇರುವವರಿಗೆ ಅದೇ ಹಗುರ. ತಾಳವಾದ್ಯದವರು ಸೌಂಡ್ ಏರಿಸುತ್ತಲೇ ಹೋಗುತ್ತಾರೆ. ಡಬ್ಬದಲ್ಲಿ ಸೌಂಡ್ ಒಂದು ಮಿತಿ ದಾಟದ ಹಾಗೆ ತಡೆಯುವ ಲಿಮಿಟರ್ ಇದೆ. ನಾನು ಅದನ್ನು ಮೊದಲೇ ಹಾಕಿಟ್ಟಿರುತ್ತೇನೆ, ಹೇಳೋಕೆ ಹೋಗೋದಿಲ್ಲ.

ಎಲ್ಲ ಕೆಲಸಕ್ಕೂ ಇದು ಬೇಕು ಅಂತಲ್ಲ. ಕೊಳ್ಳೇಗಾಲದ ಕಡೆಯಿಂದ ಕಂಸಾಳೆ ತಂಡವೊಂದು ಬಂದಿತ್ತು. ಐದೂ ಡಬ್ಬ ಸಾಲಾಗಿ ಇಟ್ಟೆ, ಹೆಮ್ಮೆಯಿಂದ. ಹೆಡ್‌ಫೋನ್ ಹಾಕಿಕೊಂಡು ಎದ್ದು ನಿಂತರು. ಮೊದಲ ಸುತ್ತು ತಿರುಗಿದ ಕೂಡಲೇ ಎರಡು ವೈರ್ ಗಂಟು ಬಿದ್ದವು, ಒಂದು ಡಬ್ಬ ನೆಲಕ್ಕೆ ಹೋಯಿತು. ಕಂಸಾಳೆ ಕೂತು ಬಾರಿಸುವುದಲ್ಲ. ಮೈ ಬಾಗಬೇಕು, ತೋಳು ಬೀಸಬೇಕು, ಒಬ್ಬರ ಕಾಲು ನೋಡಿ ಇನ್ನೊಬ್ಬರ ಕಾಲು ಎತ್ತಬೇಕು. ಹಿರಿಯರೊಬ್ಬರು ಹೆಡ್‌ಫೋನ್ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದಾಕ್ಕಂಡ್ರೆ ಪಕ್ಕದೋನು ದೂರಕ್ಕೋದಂಗಾಯ್ತದೆ ಕಣವ್ವ." ಎಲ್ಲ ಎತ್ತಿಟ್ಟೆ. ಹಾಲಿನ ಮಧ್ಯೆ ಎರಡೇ ಮೈಕ್, ಸುತ್ತ ಅವರು. ಟಾಕ್‌ಬ್ಯಾಕೂ ಬೇಡ, ಬಾಗಿಲು ತೆಗೆದು ಕೂಗಿದರೆ ಸಾಕಿತ್ತು. ಈ ವರ್ಷ ನನ್ನ ಸ್ಟುಡಿಯೋದಲ್ಲಿ ಆದ ಒಳ್ಳೆಯ ರೆಕಾರ್ಡಿಂಗ್ ಅದು.

ಯಾರು ಕೊಳ್ಳಬೇಕು ಅಂತ ಕೇಳಿದರೆ ಹೀಗೆ ಹೇಳುತ್ತೇನೆ. ಮನೆಯಲ್ಲಿ ಒಬ್ಬರೇ ಹಾಡಿ ರೆಕಾರ್ಡ್ ಮಾಡುವವರಿಗೆ ಬೇಡ, ಸುಮ್ನೆ ಖರ್ಚು. ಇಬ್ಬರು ಮೂವರು ಇದ್ದರೆ ಎಕ್ಸ್‌ಆರ್18ರ ಆರು ಆಕ್ಸ್ ಔಟ್‌ಪುಟ್‌ಗಳಿಗೆ (ಬೇರೆ ಬೇರೆ ಮಿಕ್ಸ್ ಹೊರಗೆ ಕೊಡುವ ಸಾಕೆಟ್‌ಗಳಿಗೆ) ಹೆಡ್‌ಫೋನ್ ಆಂಪ್ ಹಾಕಿ, ಮಿಕ್ಸನ್ನು ಅವರವರ ಫೋನಿನ ಆಪ್‌ನಲ್ಲೇ ಮಾಡಿಕೊಳ್ಳಲು ಬಿಡಬಹುದು. ಕಾಸು ಉಳಿಯುತ್ತದೆ. ಆದರೆ ಕೈಯಲ್ಲಿ ಫೋನ್ ಕೊಟ್ಟರೆ ಚರಣಕ್ಕೂ ಚರಣಕ್ಕೂ ನಡುವೆ ವಾಟ್ಸಾಪ್ ನೋಡುತ್ತಾರೆ. ನಾನು ಅದಕ್ಕೇ ಬಿಟ್ಟೆ. ನಾಲ್ಕೈದು ಜನ ಒಟ್ಟಿಗೆ ಕೂತು ನುಡಿಸುವ ಕೆಲಸ ವಾರಕ್ಕೊಂದು ಇದ್ದರೂ ಪಿ16-ಎಂ ತಗೊಳ್ಳಿ. ಮೈಕ್ ಸ್ಟ್ಯಾಂಡಿಗೆ ಹಾಕುವ ಪಿ16-ಎಂಬಿ ಬ್ರಾಕೆಟ್ಟೂ ಜೊತೆಗೇ ತಗೊಳ್ಳಿ. ನೆಲದ ಮೇಲೆ ಕೂರುವವರಿಗೆ ಗಿಡ್ಡ ಸ್ಟ್ಯಾಂಡ್ ಬೇಕಾಗುತ್ತದೆ. ದುಡ್ಡಿಗೆ ಯೋಚನೆ ಇಲ್ಲದವರು ಅಲೆನ್ ಅಂಡ್ ಹೀತ್ ಎಂಇ-1 ನೋಡಬಹುದು. ಅದರಲ್ಲಿ ಚಾನೆಲ್ ಹೆಸರು ಸ್ಕ್ರೀನಿನ ಮೇಲೆ ಕಾಣುತ್ತದೆ. ಸುತ್ತಲಿನ ಸದ್ದು ಕೇಳೋಕೆ ಒಳಗೇ ಒಂದು ಮೈಕ್ ಇದೆ. ಆದರೆ ಅದು ಎಕ್ಸ್‌ಆರ್18ರ ಅಲ್ಟ್ರಾನೆಟ್ಟಿಗೆ ಸೇರುವ ಸಾಮಾನಲ್ಲ. ಮಿಕ್ಸರಿನಿಂದಲೇ ಶುರು ಮಾಡಬೇಕು.

ಪಿ16-ಎಂನಲ್ಲಿ ಹೆಸರು ಕಾಣುವುದಿಲ್ಲ, ನಂಬರ್ ಮಾತ್ರ. ಸಣ್ಣ ಅಕ್ಷರ. ಬೂತ್‌ನ ಮಬ್ಬು ಬೆಳಕಿನಲ್ಲಿ ಅರವತ್ತು ದಾಟಿದವರಿಗೆ ಅದು ಓದೋಕೆ ಆಗೋದಿಲ್ಲ. ಗುಂಡಿಗಳ ಪಕ್ಕ ಬಿಳಿ ಟೇಪ್ ಹಾಕಿ ಕನ್ನಡದಲ್ಲಿ ಬರೆದೆ: ಹಾಡು, ವಯಲಿನ್, ಬಲ, ತೊಪ್ಪಿ (ಇವೆರಡೂ ಮೃದಂಗದ ಎರಡು ಬದಿ), ಘಟ, ವೀಣೆ, ಕೊಳಲು, ಶ್ರುತಿ. ಕೈಬೆವರಿಗೆ ಒಂದು ತಿಂಗಳಲ್ಲಿ ಅಳಿಸಿಹೋಯಿತು. ಮತ್ತೆ ಬರೆದೆ, ಮತ್ತೆ ಹೋಯಿತು.

ಕಳೆದ ಆಯುಧ ಪೂಜೆಗೆ ಎಲ್ಲ ಸಾಮಾನಿಗೂ ಕುಂಕುಮ ಇಟ್ಟೆವು. ಮಿಕ್ಸರಿಗೆ, ಮೈಕ್‌ಗಳಿಗೆ, ಲ್ಯಾಪ್‌ಟಾಪಿಗೆ. ವಿದ್ವಾಂಸರ ಡಬ್ಬಕ್ಕೆ ಇಟ್ಟವಳು ಅವರ ಮೊಮ್ಮಗಳು. ಅವಳ ಬೆರಳು ಹೋಗಿ ಕೂತದ್ದು 8ರ ಗುಂಡಿಯ ಮೇಲೆ. ಮಾರನೇ ವಾರ ಸೆಷನ್ನಿಗೆ ಮುಂಚೆ ಬಟ್ಟೆ ಹಿಡಿದು ಒರೆಸೋಕೆ ಹೋದೆ. ವಿದ್ವಾಂಸರು ಕೈ ಅಡ್ಡ ಹಿಡಿದರು.

"ಇರಲಿ ಬಿಡಮ್ಮಾ. ನಂಬರ್ ಕಾಣಲ್ಲ, ಕುಂಕುಮ ಕಾಣುತ್ತೆ."